ಕಿಟಕಿಯಲ್ಲಿ ಕುಳಿತು ಸೋಲುವ ಕೆಲಸ

ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಮೇಘನಾ ಮೈಸೂರಿನ ಹುಡುಗಿ. ಇಲ್ಲಿ ಪುಣೆಯ ಹಿಂಜವಾಡಿಯಲ್ಲಿ ಮೊಬೈಲ್ ಆಟ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ವಾರವಿಡೀ ಆಫೀಸಿಗೆ ಹೋಗಿಬರುವ ಕ್ಯಾಬಿನಲ್ಲಿ ಕುಳಿತು ಕುಳಿತೇ ಸಾಕಾಗಿರುತ್ತದೆ ಅವಳಿಗೆ. ಭಾನುವಾರ ಬೆಳಿಗ್ಗೆ ಮಾತ್ರ ಕೆಳಗಿಳಿದು ನಮ್ಮ ಮನೆಗೆ ಬಂದು, ಒಗ್ಗರಣೆ ಅವಲಕ್ಕಿ ತಿಂದು, ಊರಿನ ಮಾತಾಡಿ ಹೋಗುತ್ತಾಳೆ.

ಹೋದ ತಿಂಗಳು ಹಾಗೆ ಬಂದವಳು ನನ್ನ ಕೈಗೆ ಫೋನು ಕೊಟ್ಟಳು.

"ಆಂಟಿ, ಇದು ನಮ್ಮ ಟೀಮಿನ ಹೊಸ ಗೇಮು. ಒಂದ್ಸಲ ಆಡಿ ನೋಡಿ. ನಿಮ್ಮ ವಯಸ್ಸಿನವರಿಗೆ ಕಷ್ಟ ಆಗುತ್ತಾ ಅಂತ ನೋಡ್ಬೇಕು."

ಎದುರಾಳಿಯ ಹೆಸರು ರಾಹುಲ್ ಎಂದು ಪರದೆಯ ಮೇಲೆ ಬಂತು. ನಾನು ಆಡಿದೆ, ಗೆದ್ದೆ. ಮತ್ತೊಮ್ಮೆ ಆಡಿದೆ, ಮತ್ತೆ ಗೆದ್ದೆ. ಬೆರಳಿಗೆ ಸಂಧಿವಾತ ಬಂದು ಚಪಾತಿ ಲಟ್ಟಿಸುವುದೇ ಕಷ್ಟವಾಗಿರುವಾಗ ಈ ವಯಸ್ಸಿನಲ್ಲಿ ಇದೆಂಥ ಕೈ ಎಂದು ನನಗೇ ಹೆಮ್ಮೆಯಾಯಿತು. ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ನಮ್ಮ ಯಜಮಾನರನ್ನು ಕೂಗಿ ಕರೆದು ತೋರಿಸಿದೆ.

ಮೇಘನಾ ನಗುತ್ತಿದ್ದಳು. "ಆಂಟಿ, ಅವನು ಮನುಷ್ಯ ಅಲ್ಲ. ಬಾಟು, ಅಂದ್ರೆ ಕಂಪ್ಯೂಟರೇ ಆಡೋದು. ಹೊಸಬರು ಬಂದ್ರೆ ಮೊದಲ ಕೆಲವು ಆಟ ಅದು ಬೇಕಂತಲೇ ಸೋಲುತ್ತೆ. ಇಲ್ಲಾಂದ್ರೆ ಜನ ಬೇಜಾರಾಗಿ ಡಿಲೀಟ್ ಮಾಡ್ಬಿಡ್ತಾರೆ."

"ಆಡೋರಿಗೆ ಅದನ್ನ ಹೇಳ್ತೀರೇನು?"

"ಅಯ್ಯೋ, ಹೇಳಿದ್ರೆ ಏನ್ ಮಜಾ ಇರುತ್ತೆ ಆಂಟಿ?"

ನನ್ನ ಮುಖ ಬಿಸಿಯಾಯಿತು. ಯಜಮಾನರು ಚಹಾದ ಕಪ್ಪು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲ ಗೊತ್ತು. ಅವರೇ ಆ ಹುಡುಗಿಗೆ ಹೇಳಿದರು: "ನಿಮ್ಮ ಆಂಟಿ ಇದ ಕೆಲಸ ಮಾಡಿ ಪಗಾರ ತಗೊಂಡಾರವಾ. ಬಾಟ್ ಇನ್ನೂ ಹುಟ್ಟಿದ್ದಿಲ್ಲ, ಆವಾಗ."

ಮೇಘನಾ ನಂಬಲಿಲ್ಲ. ಆಮೇಲೆ ನಂಬಿದಳು, ನಂಬಿದ ಮೇಲೆ ಬಿಡಲೇ ಇಲ್ಲ. "ಬರೆದು ಕೊಡಿ ಆಂಟಿ, ನಮ್ಮಲ್ಲಿಗೆ ಹೊಸದಾಗಿ ಸೇರೋ ಹುಡುಗರಿಗೆ ಓದಕ್ಕೆ ಕೊಡ್ತೀನಿ" ಎಂದಳು. ಹೀಗಾಗಿ ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾವ ಹುದ್ದೆ ಕೊಟ್ಟರು ಎಂಬುದರಿಂದ ಈ ಹುಡುಗರಿಗೆ ಏನೂ ಆಗಬೇಕಾದ್ದಿಲ್ಲ. ಅದನ್ನು ಬಿಟ್ಟಿದ್ದೇನೆ. ಉಳಿದದ್ದು ಹೇಳುವುದಕ್ಕೆ ಅಷ್ಟೇನೂ ಚೆಂದವಾದದ್ದಲ್ಲ.

ನಾನು ಮದುವೆಯಾಗಿ ಬಾಗಲಕೋಟೆಯಿಂದ ಪುಣೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಬಂದ ಸ್ವಲ್ಪ ದಿನಕ್ಕೇ ಯಜಮಾನರ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ ಗೇಟಿಗೆ ಬೀಗ ಬಿತ್ತು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ಯಾರಾದರೂ ದುಡಿಯಲೇಬೇಕಿತ್ತು. ನಾನು ಬಿ.ಎ. ಓದಿದ್ದೆ, ಆದರೆ ಮರಾಠಿ ಆಗಿನ್ನೂ ನಾಲಿಗೆಗೆ ಹತ್ತಿರಲಿಲ್ಲ. ಮರಾಠಿ ಬಾರದ ಬಿ.ಎ.ಗೆ ಪುಣೆಯಲ್ಲಿ ಯಾರು ಕೆಲಸ ಕೊಡುತ್ತಾರೆ?

ಕೊಟ್ಟವರು ಹಂಪಣ್ಣವರ ಸಾವಕಾರರು. ಗದಗದ ಕಡೆಯವರು. ಲಕ್ಷ್ಮೀ ರಸ್ತೆಯಿಂದ ಒಳಗೆ ತಿರುಗಿದರೆ ಅವರ ರೇಡಿಯೊ, ಟೀವಿ ಅಂಗಡಿ. ಅವರ ತಂದೆ ಇಟ್ಟದ್ದು. ಆಗ ಅವರು ಹೊಸದಾಗಿ ಟೀವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಗಳನ್ನು ತರಿಸಿದ್ದರು. ಪೆಟ್ಟಿಗೆಯಿಂದ ಎರಡು ವೈರು ಹೊರಟು, ಒಂದೊಂದರ ತುದಿಗೆ ಒಂದೊಂದು ಹಿಡಿಕೆ. ಪರದೆಯ ಆ ಕಡೆ ಈ ಕಡೆ ಎರಡು ಬಿಳಿಯ ಪಟ್ಟಿ, ನಡುವೆ ಚೆಂಡೆಂದು ಹೇಳಿಕೊಳ್ಳುವ ಒಂದು ಚುಕ್ಕೆ. ಅಷ್ಟೇ. ಆ ಚುಕ್ಕೆಯನ್ನು ನೋಡಲು ಜನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಆದರೆ ಒಳಗೆ ಬಂದು ಕೊಳ್ಳುವವರು ಇರಲಿಲ್ಲ.

"ಅಕ್ಕಾರ, ನೋಡ್ರಿ, ಮಂದಿಗೆ ಅಂಜಿಕಿ ಅದ" ಎಂದರು ಸಾವಕಾರರು, ಮೊದಲ ದಿನ. "ಇದು ಇಂಜಿನಿಯರ್ ಮಂದೀದು ಸಾಮಾನ, ನಮ್ಮಂಥವರಿಗೆ ಬಗೀಹರಿಯಂಗಿಲ್ಲ ಅಂತ ತಿಳ್ಕೊಂಡಾರ. ನೀವು ಸೀರಿ ಉಟ್ಟು, ಕುಂಕುಮ ಹಚ್ಕೊಂಡು ಕಿಡಕ್ಯಾಗ ಕುಂತು ಆಡ್ರಿ. ಈ ಸಂಸಾರಸ್ಥ ಬಾಯಾರಿಗೆ ಬರ್ತದಂದ್ರ ನಮಗೂ ಬರ್ತದ ಅಂತ ಒಳಗ ಬರ್ತಾರ."

ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವಿರಬಹುದು ಎಂದುಕೊಂಡು ಬಂದವಳು ನಾನು. ಸೊಸೆಯಾಗಿ ಬಂದು ಇನ್ನೂ ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಳ್ಳುತ್ತಿದ್ದ ಕಾಲ. ಗಾಜಿನ ಆಚೆ ಸೈಕಲ್ಲು ನಿಲ್ಲಿಸಿ ನೋಡುವ ಗಂಡಸರು, ಈಚೆ ಸ್ಟೂಲಿನ ಮೇಲೆ ನಾನು. ಮೊದಲ ದಿನವೆಲ್ಲ ಒಂದು ಚೆಂಡೂ ನನ್ನ ಪಟ್ಟಿಗೆ ತಾಗಲಿಲ್ಲ. ಸಂಜೆ ಮನೆಗೆ ಹೋಗಿ, ಟೀವಿ ಮಾರುವ ಕೆಲಸ ಎಂದಷ್ಟೇ ಹೇಳಿದೆ.

ಒಂದು ವಾರದಲ್ಲಿ ಕೈ ಕೂಡಿತು. ತಿಂಗಳು ತುಂಬುವಷ್ಟರಲ್ಲಿ ಅಂಗಡಿಯ ಯಾರೂ ನನ್ನನ್ನು ಸೋಲಿಸುವ ಹಾಗಿರಲಿಲ್ಲ. ಹೇಳಲು ಸಂಕೋಚ, ಆದರೆ ನನಗೆ ಅದು ಸೇರಿತು, ಭಾಳ ಸೇರಿತು. ಬೆಳಿಗ್ಗೆ ಗಿರಾಕಿ ಬರುವ ಮೊದಲು ಒಬ್ಬಳೇ ಕುಳಿತು ಎರಡೂ ಹಿಡಿಕೆ ಹಿಡಿದು ಎಡಗೈ ಬಲಗೈ ಆಡಿಸುತ್ತಿದ್ದೆ. ಇಡೀ ದಿನದಲ್ಲಿ ಸೊಸೆಯೂ ಅಲ್ಲದ, ಯಾರ ಹೆಂಡತಿಯೂ ಅಲ್ಲದ ಹೊತ್ತು ಅದೊಂದೇ.

ಆಗ ಸಾವಕಾರರು ಕೆಲಸದ ನಿಜವಾದ ಭಾಗ ಕಲಿಸಿದರು.

ಅಪ್ಪ ಮಗನನ್ನು ಕರೆದುಕೊಂಡು ಬಂದರೆ ಮೊದಲು ಅಪ್ಪನನ್ನು ಆಡಲು ಕೂರಿಸಬೇಕು. ಅವನನ್ನು ಚೆನ್ನಾಗಿ ಸೋಲಿಸಬೇಕು. ಆಮೇಲೆ ಮಗನನ್ನು ಕೂರಿಸಿ, ಮಗನ ಎದುರು ಸೋಲಬೇಕು. ತನ್ನನ್ನು ಸೋಲಿಸಿದವಳನ್ನು ತನ್ನ ಮಗ ಸೋಲಿಸಿದ ಎಂದರೆ ಯಾವ ಅಪ್ಪನ ಎದೆ ಉಬ್ಬುವುದಿಲ್ಲ? ಪೆಟ್ಟಿಗೆ ಅಲ್ಲಿಯೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸೋಲುವುದಕ್ಕೂ ಒಂದು ಕೈಚಳಕ ಬೇಕಿತ್ತು. ಒಮ್ಮೆಲೇ ಸೋತರೆ ಮಕ್ಕಳಿಗೆ ತಿಳಿದುಬಿಡುತ್ತದೆ. ಮಕ್ಕಳ ಕಣ್ಣು ಚುರುಕು. ಮೊದಲು ಮುಂದೆ ಹೋಗಬೇಕು, ಮಗು ಹತಾಶವಾಗುವ ಮೊದಲೇ ಸಮಕ್ಕೆ ಬರಬೇಕು, ಕೊನೆಯ ಚೆಂಡಿಗೆ ಕೈ ಚಾಚಿದಂತೆ ಮಾಡಿ ಕೂದಲೆಳೆಯಷ್ಟು ತಪ್ಪಿಸಬೇಕು. "ಅಯ್ಯ!" ಎಂದು ನಾಲಿಗೆ ಕಚ್ಚಬೇಕು. ನಾನು ಎಷ್ಟು ಚೆನ್ನಾಗಿ ನಾಲಿಗೆ ಕಚ್ಚುತ್ತಿದ್ದೆನೆಂದರೆ, ಅಂಗಡಿಯ ಹುಡುಗರು ಅದನ್ನು ಅನುಕರಿಸಿ ನಗುತ್ತಿದ್ದರು.

ಮನೆಗೆ ಗೊತ್ತಾಗದೆ ಎಷ್ಟು ದಿನ ಉಳಿದೀತು? ಒಂದು ಸಂಜೆ ಮಾವನವರು ತುಳಸಿಬಾಗಿನ ಪೇಟೆಯ ಕಡೆ ಏನೋ ತರಲು ಹೋದವರು ಗುಂಪು ನೋಡಿ ನಿಂತಿದ್ದಾರೆ. ಮುಂದೆ ನುಗ್ಗಿ ನೋಡಿದರೆ ಗಾಜಿನೊಳಗೆ ಸೊಸೆ. ನಾನು ಅವರನ್ನು ನೋಡಿದೆ. ಕೈಯಲ್ಲಿ ಹಿಡಿಕೆ, ಎದುರಿಗೆ ಯಾರದೋ ಹುಡುಗ; ಏಳುವಂತಿಲ್ಲ. ಅವರು ಆಟ ಮುಗಿಯುವ ತನಕ ನಿಂತಿದ್ದು ಹೋದರು.

ಮಾವನವರು ಜೀವನವಿಡೀ ಸಾಗಾಣಿಕೆ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮಿತಭಾಷಿ. ಊಟಕ್ಕೆ ಕುಳಿತಾಗ ನಾನು ಬಡಿಸುತ್ತ ತಲೆ ಎತ್ತಲಿಲ್ಲ. ಭಕ್ಕರಿ ಮುರಿಯುತ್ತ ಅವರೇ ಕೇಳಿದರು:

"ಶಾಂತಾ, ಆ ಹುಡುಗನ ಮುಂದ ಯಾಕ ಸೋತಿ?"

ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

"ಕಿಡಕ್ಯಾಗ ಕುಂತಿದ್ದಿ, ಹಾದೀ ಮ್ಯಾಗಿನ ಮಂದಿ ನೋಡ್ಲಿಕತ್ತಿತ್ತು. ಇರ್ಲಿ, ಹೊಟ್ಟೀ ಸಲುವಾಗಿ ಅಂತ ತಿಳ್ಕೊಂಡೆ. ಆದ್ರ ಚೆಂಡು ನಿನ್ನ ಕೈಯಾಗ ಇತ್ತು. ನೀ ಬೇಕಂತ ಬಿಟ್ಟಿ. ನಾ ನೋಡಿದೆ."

"ಅದ ಕೆಲಸ ರೀ ಮಾವನವರ. ಹುಡುಗೂರು ಗೆದ್ರ ಮಂದಿ ತಗೋತಾರ."

"ಬೇಕಂತ ಸೋಲಾಕ ಪಗಾರ ಕೊಡ್ತಾರಂತ ನನಗ ಗೊತ್ತಿದ್ದಿಲ್ಲ" ಎಂದರು. ಬೈಯಲಿಲ್ಲ, ಕೆಲಸ ಬಿಡು ಎನ್ನಲಿಲ್ಲ. ಆದರೆ ಅಂದಿನಿಂದ ಆ ರಸ್ತೆಗೆ ಬಂದರೆ ಎದುರು ಬದಿಯಿಂದ, ಅಂಗಡಿಯ ಕಡೆ ಮುಖ ತಿರುಗಿಸದೆ ಹೋಗತೊಡಗಿದರು. ಗಾಜಿನೊಳಗಿಂದ ಅವರ ಬಿಳಿ ಟೋಪಿ ಸಾಗಿಹೋಗುವುದು ಕಂಡಾಗಲೆಲ್ಲ ನಾನು ಕೈಯಲ್ಲಿನ ಹಿಡಿಕೆಯ ಕಡೆ ಕಣ್ಣು ತಗ್ಗಿಸುತ್ತಿದ್ದೆ.

ಆಟದ ಪೆಟ್ಟಿಗೆಯ ನಂತರ ಮನೆಯ ಕಂಪ್ಯೂಟರು ಬಂತು. ಇಂದಿನ ಹುಡುಗರಿಗೆ ಅದನ್ನು ಕಂಪ್ಯೂಟರೆಂದರೆ ನಗು ಬರುತ್ತದೆ. ಟೈಪ್ ಮಾಡುವ ಗುಂಡಿಗಳಿರುವ ಒಂದು ದಪ್ಪ ಹಲಗೆ. ಅದನ್ನು ಟೀವಿಗೆ ಜೋಡಿಸಬೇಕು, ಆಟಕ್ಕೆ ಹಿಡಿಕೆಗಳನ್ನೂ ಸಿಕ್ಕಿಸಬಹುದು. ಆಟವಾಗಲಿ, ಮಗ್ಗಿಯ ಪಾಠವಾಗಲಿ ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಟೇಪ್ ರೆಕಾರ್ಡರಿಗೆ ಹಾಕಿ ವೈರು ಸಿಕ್ಕಿಸಿ ಕಾಯಬೇಕು. ಅದು ಓಡುವಾಗ ಕಿವಿಯಿಟ್ಟು ಕೇಳಿದರೆ ಕೀಚಲು ಸದ್ದು. ಒಮ್ಮೊಮ್ಮೆ ಆಟ ಬರುತ್ತಿತ್ತು, ಒಮ್ಮೊಮ್ಮೆ ಚಹಾ ಕುಡಿದು ಬಂದರೂ ಪರದೆ ಖಾಲಿ.

ಶಿವಾಜಿನಗರದ ಶಾಲೆಯೊಂದರಲ್ಲಿ ಇದನ್ನು ತೋರಿಸಲು ಸಾವಕಾರರೂ ನಾನೂ ಹೋದೆವು. ಮುಖ್ಯೋಪಾಧ್ಯಾಯಿನಿ, ಶಿಕ್ಷಕಿಯರು, ಮುಂದಿನ ಸಾಲಿನಲ್ಲಿ ಮಕ್ಕಳು. ನಾನು ಮರಾಠಿಯಲ್ಲಿ ಉರುಹೊಡೆದಿದ್ದ ನಾಲ್ಕು ಮಾತು ಹೇಳಿ ಕ್ಯಾಸೆಟ್ಟು ಹಾಕಿದೆ. ಕಾದೆವು. ಏನೂ ಬರಲಿಲ್ಲ. ಟೇಪಿನಲ್ಲಿ ಸದ್ದಿದೆಯೋ ಇಲ್ಲವೋ ನೋಡಲು ಸಾವಕಾರರು ಕಂಪ್ಯೂಟರಿಗೆ ಹೋಗುವ ವೈರು ಕಿತ್ತರು; ಅದನ್ನು ಕಿತ್ತರೆ ಸದ್ದು ಹೊರಗೆ ಕೇಳುತ್ತದೆ.

ಸ್ಪೀಕರಿನಿಂದ ನಮ್ಮ ಅತ್ತೆಯ ದನಿ ಕೇಳಿಬಂತು.

ಆ ಕಾಲದಲ್ಲಿ ಕಾಗದ ಬರೆಯಲು ಬೇಸರವಾದವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದಿತ್ತು. ನಾನು ಮನೆಗೆ ತಂದಿಟ್ಟಿದ್ದ ಅಂಗಡಿಯ ಕ್ಯಾಸೆಟ್ಟಿನ ಮೇಲೆಯೇ ಅತ್ತೆಯವರು ಬಾಗಲಕೋಟೆಯ ತಂಗಿಗೆ ಸುದ್ದಿ ತುಂಬಿಟ್ಟಿದ್ದರು; ಕಳಿಸುವ ಮೊದಲೇ ನಾನು ಅದನ್ನು ತಿಳಿಯದೆ ಎತ್ತಿ ತಂದಿದ್ದೆ. "ಏನ್ ಹೇಳ್ಲೆವಾ ನಿನಗ" ಎನ್ನುತ್ತಿತ್ತು ದನಿ, ಇಡೀ ಸಭಾಗೃಹಕ್ಕೆ. "ಸೊಸಿ ಮುಂಜಾನೆ ಹೋದಾಕಿ ಸಂಜಿಗೇ ಬರೋದು. ಹಗಲೆಲ್ಲ ಟೀವಿ ಮುಂದ ಕುಂತು ಆಟ ಆಡ್ತಾಳಂತ. ಹೊರಗ ಹೇಳಾಕ ನಾಚಿಕಿ ಬರ್ತದ. ಬ್ಯಾಂಕಿನ್ಯಾಗ ಅದಾಳ ಅಂತ ಹೇಳೇನಿ ನಾ ಎಲ್ಲಾರಿಗೂ."

ಕೇಳುತ್ತಿದ್ದವರೆಲ್ಲ ಮರಾಠಿಯವರು, ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ತಿಳಿದವರು ಇಬ್ಬರೇ, ನಾನು ಮತ್ತು ಸಾವಕಾರರು. ಟೇಪು ನಿಲ್ಲಿಸಲು ನನ್ನ ಕೈಯೇ ಏಳಲಿಲ್ಲ. ಅವರೇ ನಿಲ್ಲಿಸಿದರು.

"ಏನು ಹೇಳುತ್ತಿದ್ದರು?" ಎಂದು ಮುಖ್ಯೋಪಾಧ್ಯಾಯಿನಿ ಮರಾಠಿಯಲ್ಲಿ ಕುತೂಹಲದಿಂದ ಕೇಳಿದರು.

"ಕನ್ನಡ ಪಾಠ" ಎಂದರು ಸಾವಕಾರರು, ಮುಖದ ಒಂದು ಗೆರೆಯೂ ಅಲುಗದಂತೆ. "ಈ ಯಂತ್ರಕ್ಕೆ ಎಲ್ಲ ಭಾಷೆಯೂ ಬರುತ್ತದೆ."

ವಾಪಸು ಬರುವಾಗ ರಿಕ್ಷಾದಲ್ಲಿ ನಾನು ಅಳುತ್ತಿದ್ದೆ. ಅವರು ಹೊರಗೆ ನೋಡುತ್ತ ಕುಳಿತಿದ್ದು, ಅಂಗಡಿ ಹತ್ತಿರ ಬಂದಾಗ ಹೇಳಿದರು: "ಅಕ್ಕಾರ, ಕ್ಯಾಸೆಟ್ಟಿನ ಹಿಂದ ಒಂದು ಸಣ್ಣ ಚೌಕ ತುಂಡು ಇರ್ತದಲ್ರಿ, ಅದನ್ನ ಮುರದು ಇಡ್ರಿ. ಆಮ್ಯಾಲೆ ಅದರ ಮ್ಯಾಲೆ ಯಾರೂ ಏನೂ ತುಂಬಾಕ ಬರೂದಿಲ್ಲ." ಆ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ. ಮನುಷ್ಯ ಕೆಟ್ಟವರಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆದೆ. ಏಕೆಂದರೆ ಮುಂದೆ ಬರೆಯುವುದನ್ನು ಓದಿ ಹಾಗೆ ಅನ್ನಿಸಬಹುದು.

ಆ ಅಂಗಡಿಯಲ್ಲಿ ನಾನು ನಿವೃತ್ತಿಯ ತನಕ ಇದ್ದೆ. ಕ್ಯಾಸೆಟ್ಟು ಹೋಗಿ ಫ್ಲಾಪಿ ಬಂತು, ಅದು ಹೋಗಿ ಸೀಡಿ ಬಂತು. ಆಟಗಳೇ ಜಾಣವಾದವು, ಮೊದಲ ಹಂತ ಸುಲಭ, ಆಮೇಲೆ ಕಷ್ಟ. ಸೋತು ತೋರಿಸಲು ಮನುಷ್ಯರು ಬೇಡವಾದರು. ನಾನು ಕಿಟಕಿಯಿಂದ ಕೌಂಟರಿಗೆ, ಕೌಂಟರಿನಿಂದ ರಿಪೇರಿ ವಿಭಾಗದ ಮೇಜಿಗೆ ಬಂದೆ. ಕೊನೆಗೆ ಸಾವಕಾರರ ಮಗ ಅದನ್ನು ಮೊಬೈಲ್ ಅಂಗಡಿ ಮಾಡಿದ. ಈಗಲೂ ಡೆಕ್ಕನ್ನಿನಲ್ಲೋ ತರಕಾರಿ ಮಂಡಯಿಯಲ್ಲೋ ನಡುವಯಸ್ಸಿನ ಗಂಡಸರು ನನ್ನನ್ನು ಚಿಕ್ಕಮ್ಮನೆಂಬಂತೆ ಕರೆದು ನಿಲ್ಲಿಸಿ, "ಕಾಕು, ಚಿಕ್ಕವನಿದ್ದಾಗ ನಿಮ್ಮನ್ನು ಸೋಲಿಸಿದ್ದೆ, ನೆನಪಿದೆಯೇ?" ಎಂದು ಮರಾಠಿಯಲ್ಲಿ ಕೇಳುವುದುಂಟು. ಬಾಲ್ಯದ ಆ ದಿನವನ್ನು ನೆನೆದು ಅವರ ಮುಖ ಅರಳುತ್ತದೆ. ಜೊತೆಗಿರುವ ಹೆಂಡತಿಗೆ, ಮಕ್ಕಳಿಗೆ ನನ್ನನ್ನು ತೋರಿಸುತ್ತಾರೆ. ನೆನಪಿದೆ ಎನ್ನುತ್ತೇನೆ. ಮತ್ತೇನು ಹೇಳಲಿ?

ಇವರಲ್ಲಿ ಒಬ್ಬ ಮಾತ್ರ ಹಾಗೆ ಬಂದು ಕೇಳುವುದಿಲ್ಲ. ಅವನ ಹೆಸರು ಸಂಜೀವ. ಅವನಿಗೆ ಏನಾದರೂ ಆಯಿತೇ ಎಂದು ಓದುವವರು ಗಾಬರಿಯಾಗಬೇಡಿ. ಚೆನ್ನಾಗಿದ್ದಾನೆ. ಸೊಲ್ಲಾಪುರದಲ್ಲಿ ಬ್ಯಾಂಕಿನಲ್ಲಿದ್ದಾನೆ, ಎರಡು ಮಕ್ಕಳಿವೆ ಎಂದು ಅವನ ತಂದೆಯೇ ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕು ಹೇಳಿದರು.

ತಂದೆ ದೇಸಾಯಿ ವಕೀಲರು, ಬೆಳಗಾವಿಯ ಕಡೆಯವರು, ಶಿವಾಜಿನಗರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ಕನ್ನಡ ಮಾತಾಡುವವರ ಅಂಗಡಿ ಎಂದು ಹುಡುಕಿಕೊಂಡು ಬಂದಿದ್ದರು. ಜೊತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ತರಗತಿಗೆ ಮೊದಲಿಗ ಎಂದು ಒಳಗೆ ಕಾಲಿಡುತ್ತಲೇ ಹೇಳಿದರು. ಚಿಕ್ಕವನೇ ಸಂಜೀವ, ಮನೆಯವರಿಗೆ ಸಂಜು; ಅವನ ಬಗ್ಗೆ ಏನೂ ಹೇಳಲಿಲ್ಲ. ಅವನು ಅಂಗಿಯ ತೋಳನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದ.

ಪದ್ಧತಿಯಂತೆ ವಕೀಲರನ್ನು ಸೋಲಿಸಿದೆ. ದೊಡ್ಡ ಮಗ ಆಟದಲ್ಲಿಯೂ ಜಾಣ. ತನ್ನ ಬಲದಿಂದಲೇ ನನ್ನ ಸಮಕ್ಕೆ ಬಂದ. ಅವನನ್ನು ಏಕೋ ನಾನು ಬಿಟ್ಟುಕೊಡದೆ ಸೋಲಿಸಿದೆ. ಆಮೇಲೆ ಸಂಜೂನನ್ನು ಕರೆದು ಕೂರಿಸಿಕೊಂಡು ಸೋತೆ. ಮತ್ತೆ ಆಡೋಣವೆಂದ, ಮತ್ತೆ ಸೋತೆ. ಮೂರನೆಯ ಸಲವೂ ಸೋತೆ. ಹುಡುಗನ ಕಿವಿ ಕೆಂಪಾಗಿ, ಉಸಿರು ಜೋರಾಗಿ, ಸ್ಟೂಲಿನ ಮೇಲೆ ಮೊಣಕಾಲೂರಿ ಕುಳಿತುಬಿಟ್ಟ.

ವಕೀಲರು ಬೆರಗಾಗಿ ನೋಡುತ್ತಿದ್ದರು. "ಸಾಲ್ಯಾಗ ಮಾಸ್ತರು ಇಂವ ಭಾಳ ಮಂದ ಅದಾನ ಅಂತಾರ್ರಿ. ಇಲ್ಲೆ ನೋಡಿದ್ರ!"

"ವಕೀಲಸಾಹೇಬ್ರ, ಕೆಲವು ಹುಡುಗೂರ ತಲಿ ಪುಸ್ತಕದಾಗ ಓಡಂಗಿಲ್ರಿ" ಎಂದರು ಸಾವಕಾರರು. "ಮುಂದ ಬರೋದು ಕಂಪ್ಯೂಟರ್ ಕಾಲ. ಇಂಥಾ ಕೈ ಬೇಕು ಆವಾಗ."

ಆಟದ ಪೆಟ್ಟಿಗೆ ಕೊಳ್ಳಲು ಬಂದವರು, ಅದೇ ಚೆಂಡಿನ ಆಟದ ಕ್ಯಾಸೆಟ್ಟಿನ ಸಮೇತ ಮನೆಯ ಕಂಪ್ಯೂಟರನ್ನೇ ಕೊಂಡರು. ಹೋಗುವಾಗ ಅವರು ಚಿಕ್ಕ ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಒಂದೆರಡು ತಿಂಗಳಾಗಿರಬೇಕು. ಅಂಗಡಿ ತುಂಬ ಜನರಿದ್ದಾಗ ವಕೀಲರು ಕಂಪ್ಯೂಟರನ್ನು ಡಬ್ಬಿಸಮೇತ ಹೊತ್ತು ತಂದು ಕೌಂಟರಿನ ಮೇಲೆ ಇಟ್ಟರು. ಹಿಂದೆ ಸಂಜು.

"ಮಷಿನ್ ಕೆಟ್ಟದ" ಎಂದರು. "ಇಲ್ಲೆ ಅಂಗಡ್ಯಾಗ ಗೆದ್ದಾಂವ ಮನ್ಯಾಗ ಒಂದು ಆಟ ಗೆಲ್ಲವಲ್ಲ. ಅಣ್ಣನ ಕಡೆ ಸೋಲ್ತಾನ, ಓಣಿ ಹುಡುಗೂರ ಕಡೆ ಸೋಲ್ತಾನ. ಹಿಡಿಕಿ ಬರಾಬರಿ ಇಲ್ಲ ಅಂತಾನ ಇಂವ. ನೋಡ್ರಿ."

ಜೋಡಿಸಿ ನೋಡಿದೆವು. ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ನಾನೇ ಆಡಿ ತೋರಿಸಬೇಕಾಯಿತು. ಚೆಂಡು ಹೇಳಿದಂತೆ ಕೇಳುತ್ತಿತ್ತು.

ವಕೀಲರು ಮಗನ ಕಡೆ ತಿರುಗಿದರು. "ಮಷಿನ್ ಛಲೋ ಅದ. ಅಂದ್ರ ಕೆಟ್ಟಾಂವ ನೀನ. ಸುಳ್ಳ ಹೇಳಿ ನನ್ನ ಇಲ್ಲೀತನಕ ಕರಕೊಂಡ ಬಂದಿ. ಮಾಸ್ತರು ಹೇಳಿದ್ದು ಖರೇನ ಅದ, ನಾನ ಹುಚ್ಚ."

ಅಂಗಡಿಯಲ್ಲಿ ಯಾರೋ ನಕ್ಕರು. ಸಂಜು ತೋಳನ್ನು ಬಾಯಿಗೆ ಒಯ್ದ. ಅಪ್ಪ ಕೈಗೆ ಒಂದು ಏಟು ಹಾಕಿ ಅದನ್ನು ಬಿಡಿಸಿದರು. ಹುಡುಗ ನನ್ನ ಕಡೆ ನೋಡಿದ. ನಾನು ಸಾಕ್ಷಿ ಹೇಳಬೇಕೆಂದು ನೋಡಿದ. ಅವನು ಗೆದ್ದದ್ದನ್ನು ಕಂಡವಳು ನಾನೇ ತಾನೆ?

ಸಾವಕಾರರು ಕಣ್ಣಿನಲ್ಲಿಯೇ ಸುಮ್ಮನಿರಲು ಹೇಳುತ್ತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ.

"ಅವನ ಬೈಬ್ಯಾಡ್ರಿ, ವಕೀಲ್ರ. ಅವಂದೇನು ತಪ್ಪಿಲ್ಲ. ಅವತ್ತ ಅಂವ ಗೆದ್ದಿದ್ದಿಲ್ಲ. ನಾನ ಬೇಕಂತ ಸೋತಿದ್ದೆ."

ನಾನು ಹುಡುಗನನ್ನು ಕಾಪಾಡಿದೆನೆಂದುಕೊಂಡು ಅವನ ಮುಖ ನೋಡಿದೆ. ಅಪ್ಪ ಬೈದಾಗ, ಹೊಡೆದಾಗ ಆಗದ್ದು ಅವನ ಮುಖಕ್ಕೆ ಆಗ ಆಗಿತ್ತು.

"ಮೂರೂ ಆಟಾನೂ?" ಎಂದ, ಸಣ್ಣ ದನಿಯಲ್ಲಿ.

"ಹೌದಪಾ."

ಅವನು ಅಳಲಿಲ್ಲ. ನೆಲ ನೋಡುತ್ತ ನಿಂತ. ವಕೀಲರು ನನ್ನನ್ನೂ ಸಾವಕಾರರನ್ನೂ ನೋಡಿದರು. ಡಬ್ಬಿ ಮುಚ್ಚಿ ಬಗಲಿಗೆ ಎತ್ತಿಕೊಂಡರು. ಸಾವಕಾರರು ವಾಪಸು ತಗೊಳ್ಳುತ್ತೇವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. "ತಗೊಂಡ ಸಾಮಾನ ತಿರುಗಿ ಕೊಡಾಂವ ಅಲ್ಲ ನಾ" ಎಂದು ಹೊರಟುಹೋದರು. ಈ ಸಲ ಹುಡುಗನ ಹೆಗಲ ಮೇಲೆ ಕೈಯಿರಲಿಲ್ಲ.

ಗಿರಾಕಿಗಳು ಚದುರಿದ ಮೇಲೆ ಸಾವಕಾರರು ಕೇಳಿದರು: "ಖರೇ ಹೇಳಿ ಯಾರಿಗೆ ಉಪಕಾರ ಮಾಡಿದ್ರಿ ಅಕ್ಕಾರ? ಅಪ್ಪ ನಾಳೆ ಮರೀತಿದ್ದ. ಹುಡುಗ ತಾ ಒಮ್ಮೆ ಗೆದ್ದಿದ್ದೆ ಅಂತಾದ್ರೂ ಇಟ್ಕೋತಿದ್ದ." ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ಕೇಳಿದರು. ನಾನು ಟೀವಿ ಆರಿಸಿ ಪರದೆ ಒರೆಸಿದೆ.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಸಂಜು ಒಬ್ಬನೇ ಅಂಗಡಿಗೆ ಬಂದ. ಪಾಟೀಚೀಲವನ್ನು ಕೆಳಗಿಟ್ಟು ನನ್ನ ಸ್ಟೂಲಿನ ಹತ್ತಿರ ನಿಂತ.

"ಕಾಕು, ಖರೇ ಖರೇ ಆಡ್ತೀರೇನ್ರಿ?"

ಆಡಿದೆ. ಒಂದು ಚೆಂಡನ್ನೂ ಬಿಟ್ಟುಕೊಡದೆ ಆಡಿದೆ. ಅವನು ಹೀನಾಯವಾಗಿ ಸೋತ. ಸೋತು, "ಮುಂದಿನ ಶನಿವಾರ ಬರ್ತೇನ್ರಿ" ಎಂದು ಹೋದ. ಬಂದ, ಸೋತ. ಮತ್ತೆ ಬಂದ, ಮತ್ತೆ ಸೋತ. ಮಗು ಸೋಲುವುದನ್ನು ಗಿರಾಕಿಗಳು ನೋಡಬಾರದೆಂದು ಸಾವಕಾರರು ನಮ್ಮಿಬ್ಬರಿಗೆ ಒಳಗಿನ ಗೋದಾಮಿನಲ್ಲಿ, ಖಾಲಿ ಡಬ್ಬಿಗಳ ನಡುವೆ, ಹಳೆಯ ಟೀವಿಯೊಂದನ್ನು ಇಡಿಸಿಕೊಟ್ಟರು. ಒಂದು ಮಗುವನ್ನು ವಾರವಾರ ಕೂರಿಸಿಕೊಂಡು ಸೋಲಿಸುವುದು ಎಂಥ ಕೆಲಸ! ಪ್ರತಿ ಆಟ ಮುಗಿದಾಗ ನಾನು ತಲೆ ತಗ್ಗಿಸುತ್ತಿದ್ದೆ, ಅವನು ತಗ್ಗಿಸುತ್ತಿರಲಿಲ್ಲ. ಆದರೆ ಒಂದೊಂದು ಚೆಂಡು ಅವನು ಹೊಡೆದಾಗಲೂ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. "ಇದು ಖರೇ ಏನ್ರಿ ಕಾಕು?" ಎಂದು ಕೇಳುತ್ತಿದ್ದ. "ಖರೇನಪಾ" ಎನ್ನುತ್ತಿದ್ದೆ. ತಲೆಯಾಡಿಸಿ ಮುಂದೆ ಆಡುತ್ತಿದ್ದ.

ಮಳೆಗಾಲ ಕಳೆಯಿತು. ಹುಡುಗನ ಕೈ ಕುದುರಿತು. ನನಗೆ ಮೊದಲು ಬೆವರು ಬರತೊಡಗಿತು, ಆಮೇಲೆ ಭಯ. ಸೋತುಬಿಡುತ್ತೇನೆಂಬ ಭಯವಲ್ಲ. ಅವನು ಗೆದ್ದ ದಿನ ಏನಾಗುತ್ತದೋ ಎಂದು.

ದೀಪಾವಳಿಗೆ ಮುಂಚಿನ ಶನಿವಾರ. ಹೊರಗೆ ಅಂಗಡಿ ಕಿಕ್ಕಿರಿದಿತ್ತು. ಒಳಗೆ ನಾವಿಬ್ಬರು. ಮೊದಲಿನಿಂದಲೇ ಅವನು ಮುಂದಿದ್ದ. ನಾನು ಸೆರಗು ಸಿಕ್ಕಿಸಿ, ಹಲ್ಲು ಕಚ್ಚಿ, ನನಗೆ ಗೊತ್ತಿದ್ದ ಎಲ್ಲ ವಿದ್ಯೆಯನ್ನೂ ಹಾಕಿ ಸಮಕ್ಕೆ ತಂದೆ. ಕೊನೆಯ ಚೆಂಡನ್ನು ಅವನು ಮೇಲಿನ ಮೂಲೆಗೆ ಹೊಡೆದ. ನಾನು ಹಿಡಿಕೆಯನ್ನು ಕೊನೆಯವರೆಗೂ ತಿರುಗಿಸಿದೆ. ಚುಕ್ಕೆ ನನ್ನ ಪಟ್ಟಿಯ ತುದಿಯನ್ನು ಕೂದಲೆಳೆಯಷ್ಟು ತಪ್ಪಿಸಿ ಹೊರಗೆ ಹೋಯಿತು.

"ಅಯ್ಯ!" ಎಂದೆ. ಅದು ತಾನಾಗಿಯೇ ಬಾಯಿಂದ ಬಂತು.

ಹುಡುಗ ಪರದೆ ನೋಡಿದ, ನನ್ನನ್ನು ನೋಡಿದ.

"ಗೆದ್ದಿ, ಸಂಜು! ನೀ ಗೆದ್ದಿ!" ನಾನು ಎದ್ದೇ ನಿಂತುಬಿಟ್ಟಿದ್ದೆ.

"ಕಾಕು, ಮತ್ತ ಬಿಟ್ಟುಕೊಟ್ರಿ ಅಲ್ರಿ?"

"ಇಲ್ಲೋ ಇಲ್ಲ. ದೇವರಾಣಿ. ನನ್ನ ಕೈ ನೋಡು, ಹ್ಯಾಂಗ ನಡುಗ್ಲಿಕತ್ತಾವ ನೋಡು. ಖರೇನ ಸೋತೆ ನಾ."

ಅವನು ನನ್ನ ಕೈಯನ್ನು ನೋಡಿದ. ನಂಬಬೇಕೆಂದು ಅವನಿಗೂ ಆಸೆಯಿತ್ತು, ಅದು ಕಾಣುತ್ತಿತ್ತು. ಆಮೇಲೆ ಹಿಡಿಕೆಯನ್ನು ಟೀವಿಯ ಪಕ್ಕ ಮೆಲ್ಲಗೆ ಇಟ್ಟು, ವೈರನ್ನು ಸುತ್ತಿ, ಚೀಲ ಹೆಗಲಿಗೆ ಹಾಕಿಕೊಂಡ.

"ಇರ್ಲಿ ಬಿಡ್ರಿ ಕಾಕು. ನೀವು ಭಾಳ ಛಲೋ ಅದೀರಿ" ಎಂದ. ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವಂತೆ ಹೇಳಿದ. ಹೇಳಿ, ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಆ ಮುಂದಿನ ಶನಿವಾರ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ನಾನು ಗೋದಾಮಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಹೊರಗಿನಿಂದ ಸಾವಕಾರರು ಕೂಗಿದರು: "ಅಕ್ಕಾರ, ಲಗೂ ಬರ್ರಿ, ಗಿರಾಕಿ ಬಂದಾರ!"

ಹೋದೆ. ಹೊಸ ಪರಕಾರ ಪೋಲಕ, ಅಂದರೆ ಲಂಗ ರವಿಕೆ, ಹಾಕಿಕೊಂಡ ಪುಟ್ಟ ಹುಡುಗಿಯೊಬ್ಬಳು ಅಪ್ಪನ ಬೆರಳು ಹಿಡಿದು ನಿಂತಿದ್ದಳು. ಮೊದಲು ಅಪ್ಪನನ್ನು ಕೂರಿಸಿ ಸೋಲಿಸಿದೆ. ಆಮೇಲೆ ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಕೈಗೆ ಹಿಡಿಕೆ ಕೊಟ್ಟು, ಎದುರು ಕುಳಿತು ಆಡಿದೆ. ಮೊದಲು ಮುಂದೆ ಹೋದೆ, ಸಮಕ್ಕೆ ಬಂದೆ, ಕೊನೆಯ ಚೆಂಡನ್ನು ಬಿಟ್ಟೆ.

ಹುಡುಗಿ ಚಪ್ಪಾಳೆ ತಟ್ಟಿ ನಕ್ಕಳು. ಅಪ್ಪನೂ ನಕ್ಕ. ಕಿಟಕಿಯ ಆಚೆ ನಿಂತಿದ್ದವರೂ ನಕ್ಕರು.